‘ತ್ಯಾಗಮಯಿ’ ಎನ್ನಬೇಡಿ

ಕಳೆದ ವರ್ಷ ತುಮಕೂರಿನ ಕಡೆಯ ಒಂದು ಹಳ್ಳಿಗೆ ಹನ್ನೊಂದನೇ ದಿನದ ಕಾರ್ಯಕ್ಕೆ ಹೋಗಿದ್ದೆ. ಶಾಮಿಯಾನದ ಕೆಳಗೆ ಕುರ್ಚಿಯ ಮೇಲೆ ತೀರಿಕೊಂಡ ಅಜ್ಜಿಯ ಪಟ, ಅದಕ್ಕೊಂದು ಸೇವಂತಿಗೆ ಹಾರ. ಯಾವುದೋ ಮದುವೆಯ ಗುಂಪು ಫೋಟೊದಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ದರು. ಅಜ್ಜಿಯ ಹೆಗಲ ಮೇಲೆ ಬೇರೆ ಯಾರದೋ ಕೈಬೆರಳು ಹಾಗೇ ಉಳಿದಿದ್ದವು. ಎಪ್ಪತ್ತು ದಾಟಿ ಬದುಕಿದ ಹೆಂಗಸಿಗೆ, ಆಧಾರ್ ಕಾರ್ಡಿನದು ಬಿಟ್ಟರೆ, ತನ್ನೊಬ್ಬಳದೇ ಅನ್ನುವ ಒಂದು ಫೋಟೊ ಇರಲಿಲ್ಲ.

ಊಟಕ್ಕೆ ಎಲೆ ಹಾಕುವ ಮುಂಚೆ ಹಿರಿಯ ಮಗ ಎದ್ದು ನಿಂತು ನಾಲ್ಕು ಮಾತಾಡಿದ. “ಅಮ್ಮ ನಮಗಾಗಿಯೇ ಬದುಕಿದಳು. ತನಗೆ ಅಂತ ಒಂದು ದಿನವೂ ಏನನ್ನೂ ಕೇಳಲಿಲ್ಲ. ತ್ಯಾಗ ಅಂದರೆ ನಮ್ಮಮ್ಮ” ಅನ್ನುವಾಗ ಅವನ ಗಂಟಲು ಕಟ್ಟಿತು. ಕೂತವರೆಲ್ಲ ತಲೆದೂಗಿದರು. ನನ್ನ ಪಕ್ಕದಲ್ಲಿ ಕೂತಿದ್ದ ನೆರೆಮನೆಯ ಅಜ್ಜಿ, ತೀರಿಕೊಂಡವರ ವಾರಿಗೆಯವರು, ಸೆರಗನ್ನು ಬಾಯಿಗೆ ಹಿಡಿದು ಮೆಲ್ಲಗೆ ಅಂದರು: “ಕೇಳಿದ್ಲು ಕಣವ್ವ. ಕೇಳಿಸ್ಕಂಡೋರು ಯಾರು?”

ಕೈ ತೊಳೆಯುವಾಗ ಅವರನ್ನು ವಿಚಾರಿಸಿದೆ. ಸತ್ತ ಅಜ್ಜಿಗೆ ಎರಡು ಕಣ್ಣಿಗೂ ಪೊರೆ ಬಂದಿತ್ತಂತೆ. ಒಂದು ಕಣ್ಣಿನದು ಉಚಿತ ಶಿಬಿರದಲ್ಲಿ ತೆಗೆಸಿದ್ದರು. ಇನ್ನೊಂದು ಕಣ್ಣಿನದನ್ನೂ ತೆಗೆಸಿ ಎಂದು ನಾಲ್ಕು ವರ್ಷ ಕೇಳಿದರಂತೆ. ಮನೆಯವರು ಬಿತ್ತನೆ ಮುಗಿಯಲಿ ಅಂದರು, ಕುಯ್ಲು ಆಗಲಿ ಅಂದರು, ಮೊಮ್ಮಗಳ ಮದುವೆ ಕಳೆಯಲಿ ಅಂದರು. ಕೊನೆಗೆ ಅಜ್ಜಿ ಕೇಳುವುದನ್ನು ಬಿಟ್ಟರು. ಬಿಟ್ಟದ್ದನ್ನೇ ಮನೆಯವರು ‘ಏನನ್ನೂ ಕೇಳಲಿಲ್ಲ’ ಎಂದು ನೆನಪಿಟ್ಟುಕೊಂಡರು.

ಆ ಮಗನ ದುಃಖ ನಿಜವಾದದ್ದು. ನನ್ನ ತಕರಾರು ಅವನ ಮೇಲಲ್ಲ, ಅವನ ಬಾಯಿಗೆ ಆ ಮಾತನ್ನು ಹಾಕಿಕೊಟ್ಟ ನಮ್ಮೆಲ್ಲರ ಮೇಲೆ. ಪತ್ರಿಕೆಯ ಪುಣ್ಯಸ್ಮರಣೆಯ ಜಾಹೀರಾತು ನೋಡಿ, ಊರ ಬಾಗಿಲಿನ ಫ್ಲೆಕ್ಸ್ ನೋಡಿ, ವೈಕುಂಠ ಸಮಾರಾಧನೆಯ ಕಾರ್ಡು ನೋಡಿ, ಶಿವಗಣಾರಾಧನೆಯ ಕರೆಯೋಲೆ ನೋಡಿ. ಜಾತಿ ಬೇರೆ, ಕ್ರಿಯೆ ಬೇರೆ, ಮಾತು ಮಾತ್ರ ಒಂದೇ: ತ್ಯಾಗಮಯಿ, ವಾತ್ಸಲ್ಯಮಯಿ, ಕ್ಷಮಯಾ ಧರಿತ್ರಿ. ಗಂಡಸು ಸತ್ತರೆ ನಿವೃತ್ತ ಮುಖ್ಯೋಪಾಧ್ಯಾಯರು, ಪ್ರಗತಿಪರ ಕೃಷಿಕರು, ಪಂಚಾಯಿತಿ ಮಾಜಿ ಸದಸ್ಯರು. ಹೆಂಗಸು ಸತ್ತರೆ ಅವಳು ಏನು ಮಾಡಿದಳು ಎನ್ನುವುದು ಬರುವುದಿಲ್ಲ, ಏನೇನು ಬಿಟ್ಟಳು ಎನ್ನುವುದಷ್ಟೇ ಬರುತ್ತದೆ. ಇದನ್ನು ನಾವು ಗೌರವ ಎಂದುಕೊಂಡಿದ್ದೇವೆ. ಇದು ಗೌರವವಲ್ಲ. ತೀರಿಸದ ಸಾಲದ ಪತ್ರವನ್ನು ಹೂವಿನ ಹಾರದ ಕೆಳಗೆ ಬಚ್ಚಿಡುವ ಕೆಲಸ ಇದು.

ಮೊದಲು ಆ ಪದವನ್ನೇ ತೆಗೆದುಕೊಳ್ಳೋಣ. ತ್ಯಾಗ ಅಂದರೆ ತನ್ನ ಕೈಯಲ್ಲಿದ್ದುದನ್ನು ತಾನಾಗಿ ಬಿಟ್ಟುಕೊಡುವುದು. ಬಿಡಬೇಕಾದರೆ ಮೊದಲು ಕೈಯಲ್ಲಿ ಇರಬೇಕು, ಬಿಡುವುದಿಲ್ಲ ಎನ್ನುವ ದಾರಿಯೂ ತೆರೆದಿರಬೇಕು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಡಿಸಿ ತಮ್ಮನನ್ನು ಎತ್ತಿಕೊಳ್ಳಲು ಮನೆಯಲ್ಲಿ ಕೂರಿಸಿದ ಹುಡುಗಿ ಓದನ್ನು ತ್ಯಾಗ ಮಾಡಿದಳೇ? ಹದಿನಾಲ್ಕಕ್ಕೆ ಮದುವೆ ಮಾಡಿದವರು ಅವಳ ಒಪ್ಪಿಗೆ ಕೇಳಿದ್ದರೇ? ಹಸೆಯ ಮೇಲೆ ಕೂರಿಸಿ, ತಟ್ಟೆಯ ಅಕ್ಕಿಯಲ್ಲಿ ಹೊಸ ಹೆಸರು ಬರೆದು, ಹುಟ್ಟಿದಂದಿನಿಂದ ಕರೆದ ಹೆಸರನ್ನು ಅಳಿಸಿದಾಗ ಅವಳು ಅದನ್ನು ಸಂತೋಷದಿಂದ ಬಿಟ್ಟುಕೊಟ್ಟಳೇ? ಕಿತ್ತುಕೊಂಡದ್ದನ್ನು ಕೊಟ್ಟದ್ದು ಎಂದು ಕರೆದರೆ ಕಿತ್ತುಕೊಂಡವನಿಗೆ ನೆಮ್ಮದಿ. ಆ ನೆಮ್ಮದಿಗಾಗಿಯೇ ಈ ಪದ ಇಷ್ಟು ಕಾಲ ಬಾಳಿದೆ.

ಅವಳು ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುತ್ತಿದ್ದಳು ಎನ್ನುವುದನ್ನು ನಾವು ಕಣ್ಣೊದ್ದೆ ಮಾಡಿಕೊಂಡು ಹೇಳುತ್ತೇವೆ. ಕೊನೆಗೆ ಉಂಡವಳಿಗೆ ಏನು ಉಳಿದಿರುತ್ತಿತ್ತು? ತಳ ಹಿಡಿದ ಅನ್ನ, ತಿಳಿಯಾದ ಸಾರು, ನೆನ್ನೆಯ ಮುದ್ದೆ. ಇದಕ್ಕೆ ಮೈ ಲೆಕ್ಕ ಇಡುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57 ಜನಕ್ಕೆ ರಕ್ತಹೀನತೆ. ಅದೇ ವಯಸ್ಸಿನ ಗಂಡಸರಲ್ಲಿ ಶೇ. 25. ತಿಂಗಳ ಮುಟ್ಟು, ಬಸಿರು, ಬಾಣಂತನ ಇದಕ್ಕೆ ಒಂದು ಕಾರಣ. ಅಷ್ಟು ರಕ್ತ ಹೋಗುವ ಮೈಗೆ ಗಂಡಸಿಗಿಂತ ಮೊದಲು ಬಡಿಸಬೇಕಿತ್ತು, ಕೊನೆಗೆ ಬಡಿಸಿದೆವು. ಮನೆಯ ಅರ್ಧ ಜನರನ್ನು ರಕ್ತವಿಲ್ಲದ ಹಾಗೆ ಮಾಡಿದ ಒಂದು ಊಟದ ಕ್ರಮವನ್ನು ತಾಯ್ತನದ ಮಹಿಮೆ ಎಂದು ಹಾಡುತ್ತಿದ್ದೇವಲ್ಲ, ನಮಗೆ ನಾಚಿಕೆ ಆಗುವುದಿಲ್ಲವೇ?

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ದೇವರಿಲ್ಲ ಎನ್ನುತ್ತೇವೆ. ತಾಯಿಯನ್ನು ದೇವರು ಮಾಡಿದ್ದರಿಂದ ಅವಳಿಗೆ ಆದ ಲಾಭ ಏನು? ದೇವರಿಗೆ ಹಸಿವಿಲ್ಲ. ಎದುರಿಗೆ ನೈವೇದ್ಯ ಇಟ್ಟು, ಕಣ್ಣು ಮುಚ್ಚಿ ತೆರೆದು, ಎತ್ತಿಕೊಂಡು ಬಂದು ನಾವೇ ಉಣ್ಣುತ್ತೇವೆ. ದೇವರಿಗೆ ಕಾಲು ನೋಯುವುದಿಲ್ಲ, ಕಣ್ಣಿಗೆ ಪೊರೆ ಬರುವುದಿಲ್ಲ, ಬ್ಯಾಂಕ್ ಪಾಸ್‌ಬುಕ್ ಬೇಕಾಗುವುದಿಲ್ಲ. ಮನುಷ್ಯಳಾಗಿದ್ದರೆ ಇವೆಲ್ಲವನ್ನೂ ಕೊಡಬೇಕಾಗುತ್ತಿತ್ತು. ತಾಯಿಯನ್ನು ಗುಡಿಯೊಳಗೆ ಕೂರಿಸಿದ್ದು ಅವಳನ್ನು ಪೂಜಿಸುವುದಕ್ಕಲ್ಲ, ಅವಳ ಪಾಲನ್ನು ನಾವು ಉಣ್ಣುವುದಕ್ಕೆ.

ಈ ಅಭ್ಯಾಸ ಇಂದಿನದಲ್ಲ. ಕರ್ನಾಟಕದ ಊರೂರಿನ ಹೊಲಗಳ ಅಂಚಿನಲ್ಲಿ ನೆಟ್ಟ ಕಲ್ಲುಗಳನ್ನು ನೋಡಿ. ಗಂಡಸಿಗೆ ವೀರಗಲ್ಲು: ದನ ಕಾದವನು, ಊರು ಕಾದವನು, ಯುದ್ಧದಲ್ಲಿ ಬಿದ್ದವನು. ಹೆಣ್ಣಿಗೆ ಹೆಚ್ಚಾಗಿ ಸಿಕ್ಕಿದ್ದು ಮಾಸ್ತಿಕಲ್ಲು. ಬಳೆ ತೊಟ್ಟ ಒಂದು ತೋಳು, ಮೇಲೆತ್ತಿದ ಅಂಗೈ. ಕಲ್ಲಿನಲ್ಲಿ ಉಳಿಯಬೇಕಾದರೆ ಅವಳು ಬೆಂಕಿಗೆ ಬೀಳಬೇಕಾಗಿತ್ತು. ಎಚ್.ಡಿ. ಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ರ ಶಾಸನ ಒಂದಿದೆ. ಗಂಡ ಏಚನನ್ನು ತಲಕಾಡಿನಲ್ಲಿ ಕೊಲ್ಲಿಸಿದರೆಂದು ಕೇಳಿ ದೇಕಬ್ಬೆ ಚಿತೆ ಏರಿದ ಕಥೆ ಅದು. ಹೆತ್ತವರು ಬೇಡವೆಂದು ಬೇಡಿಕೊಂಡರು, ಅವಳು ನಿಲ್ಲಲಿಲ್ಲ. ಹಳಗನ್ನಡದ ಸೊಗಸಾದ ಶಾಸನಕಾವ್ಯ ಎಂದು ಅದನ್ನು ಹೊಗಳುತ್ತೇವೆ. ದೇಕಬ್ಬೆ ಬದುಕಿ, ಮಕ್ಕಳನ್ನು ಸಾಕಿ, ಹೊಲ ನೋಡಿಕೊಂಡು, ಮುದುಕಿಯಾಗಿ ಸತ್ತಿದ್ದರೆ ಅವಳಿಗೆ ಯಾರು ಕಲ್ಲು ನೆಡುತ್ತಿದ್ದರು? ನಮ್ಮ ನೆಲದಲ್ಲಿ ಹಾಗೆ ಬದುಕಿ ಸತ್ತ ಅಸಂಖ್ಯ ಹೆಂಗಸರ ಒಂದು ಕುರುಹೂ ಇಲ್ಲ. ಕೆರೆಯಲ್ಲಿ ನೀರು ಬರಲೆಂದು ಕಿರಿಸೊಸೆ ಭಾಗೀರಥಿಯನ್ನು ಬಲಿಕೊಟ್ಟ ‘ಕೆರೆಗೆ ಹಾರ’ವನ್ನು ತಲೆಮಾರುಗಳಿಂದ ಹಾಡುತ್ತಿದ್ದೇವೆ, ಶಾಲೆಯಲ್ಲಿ ಪಾಠ ಮಾಡಿದ್ದೇವೆ. ಊರಿನ ಗೌಡನ ಮನೆಯವರು ಲೆಕ್ಕ ಹಾಕಿ ಅವಳನ್ನು ಆರಿಸಿದರು ಎಂದು ಮಕ್ಕಳಿಗೆ ಎಷ್ಟು ಮಂದಿ ಮೇಷ್ಟರು ಹೇಳಿದ್ದಾರೆ?

ಕಲ್ಲಿನ ಕಾಲ ಮುಗಿಯಿತು, ಅಳತೆಗೋಲು ಉಳಿಯಿತು. ಇವತ್ತಿಗೂ ಗಂಡನಿಗಿಂತ ಮುಂಚೆ ಸತ್ತ ಹೆಂಗಸನ್ನು ‘ಪುಣ್ಯವಂತೆ, ಮುತ್ತೈದೆಯಾಗಿ ಹೋದಳು’ ಎನ್ನುತ್ತೇವೆ. ಪಿತೃಪಕ್ಷದಲ್ಲಿ ಅವಿಧವಾ ನವಮಿ ಎಂದು ಮುತ್ತೈದೆಯಾಗಿ ಸತ್ತವಳಿಗೆ ಬೇರೆಯೇ ದಿನ ಇಟ್ಟಿದ್ದೇವೆ. ಹಾಗಾದರೆ ಗಂಡ ಸತ್ತ ಮೇಲೆ ಇಪ್ಪತ್ತು, ಮೂವತ್ತು ವರ್ಷ ಒಬ್ಬಳೇ ಮಕ್ಕಳನ್ನು ದಡ ಮುಟ್ಟಿಸಿದವಳು ಪಾಪಿಷ್ಠೆಯೇ? ಗಂಡಸಿನ ಸಾವನ್ನು ಹೆಂಡತಿ ಇದ್ದಾಳೋ ಇಲ್ಲವೋ ಎಂದು ನೋಡಿ ಎಲ್ಲಾದರೂ ಅಳೆದಿದ್ದೇವೆಯೇ? ‘ಹಾಸಿಗೆ ಹಿಡಿಯಲಿಲ್ಲ, ಯಾರಿಗೂ ಭಾರವಾಗಲಿಲ್ಲ’ ಎನ್ನುವುದು ಇನ್ನೊಂದು ಹೊಗಳಿಕೆ. ಆರು ಮಕ್ಕಳ ಹೇಲು ಉಚ್ಚೆ ಬಾಚಿದವಳು, ಅತ್ತೆ ಮಾವಂದಿರಿಗೆ ಕೊನೆಯ ತನಕ ಗಂಜಿ ಕುಡಿಸಿದವಳು, ತನ್ನ ಸರದಿ ಬಂದಾಗ ಆರು ತಿಂಗಳು ಮಲಗಿದ್ದರೆ ಅದು ಭಾರವೇ? ಭಾರವಾಗದೆ ಸಾಯುವುದು ಅವಳ ಕೊನೆಯ ಕರ್ತವ್ಯ ಎಂದು ಅವಳ ಪಟದ ಎದುರೇ ನಿಂತು ಹೇಳುತ್ತಿದ್ದೇವೆ. ಅಲ್ಲೇ ಕೂತಿರುವ ಬೇರೆ ಅಜ್ಜಿಯರು ಅದನ್ನು ಕೇಳಿಸಿಕೊಳ್ಳುತ್ತಿದ್ದಾರೆ ಎನ್ನುವ ಪರಿವೆಯಾದರೂ ನಮಗೆ ಇದೆಯೇ?

ಇನ್ನು ಅವಳ ದುಡಿಮೆ. ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾಳೆ. ಮನೆಗೆಲಸ ಮಾಡುವ ಗಂಡಸು ಕೊಡುವುದು 88 ನಿಮಿಷ. ಮಕ್ಕಳನ್ನು, ಕಾಯಿಲೆಯವರನ್ನು ನೋಡಿಕೊಳ್ಳುವುದು ಇದರಲ್ಲಿ ಸೇರಿಲ್ಲ, ಅದರ ಲೆಕ್ಕ ಬೇರೆ. ಅವಳು 55 ವರ್ಷ ಹೀಗೆ ದುಡಿದಳು ಎಂದುಕೊಳ್ಳಿ. ಕೂಡಿಸಿದರೆ 96 ಸಾವಿರ ಗಂಟೆ ದಾಟುತ್ತದೆ. ದಿನಕ್ಕೆ ಎಂಟು ಗಂಟೆಯ ನೌಕರಿಯ ಲೆಕ್ಕದಲ್ಲಿ ಇದು 33 ವರ್ಷದ ಸೇವೆ, ಒಂದು ಭಾನುವಾರವೂ ರಜೆ ಇಲ್ಲದೆ. ಇಷ್ಟು ಸೇವೆ ಮಾಡಿದ ಗುಮಾಸ್ತನಿಗೆ ಪಿಂಚಣಿ ಇದೆ, ಶಾಲು ಇದೆ, ಬೀಳ್ಕೊಡುಗೆ ಇದೆ. ಇವಳಿಗೆ ಇದ್ದದ್ದು ‘ಮನೆಯಲ್ಲೇ ಇರ್ತಾರೆ, ಏನೂ ಕೆಲಸ ಇಲ್ಲ’ ಎನ್ನುವ ಪರಿಚಯ.

ಸರ್ಕಾರದ ಕಾಗದವೂ ಹಾಗೇ ಹೇಳಿತು. 2001ರ ಜನಗಣತಿ ಸುಮಾರು 36 ಕೋಟಿ ಹೆಂಗಸರನ್ನು ಕೆಲಸವಿಲ್ಲದವರ ಪಟ್ಟಿಗೆ ಸೇರಿಸಿತು. ಮನೆವಾರ್ತೆ ನೋಡುವವರನ್ನು ಭಿಕ್ಷುಕರು, ಕೈದಿಗಳು, ವೇಶ್ಯೆಯರ ಸಾಲಿನಲ್ಲಿ ಇಟ್ಟದ್ದನ್ನು ಸುಪ್ರೀಂ ಕೋರ್ಟ್ 2010ರ ತೀರ್ಪೊಂದರಲ್ಲಿ ಖಂಡಿಸಿತು. 2011ರ ಗಣತಿಯಲ್ಲಿ ಮನೆಕೆಲಸವೇ ತಮ್ಮ ಮುಖ್ಯ ಕೆಲಸ ಎಂದವರಲ್ಲಿ ಹೆಂಗಸರು ಸುಮಾರು 16 ಕೋಟಿ, ಗಂಡಸರು 58 ಲಕ್ಷದಷ್ಟು. ಈ 16 ಕೋಟಿ ಜನರ ದುಡಿಮೆಗೆ ಬೆಲೆ ಕಟ್ಟುವ ಪ್ರಸಂಗ ಬಂದದ್ದು ಎಲ್ಲಿ? ಅವರು ಅಪಘಾತದಲ್ಲಿ ಸತ್ತಾಗ, ಪರಿಹಾರದ ಮೊಕದ್ದಮೆಯಲ್ಲಿ. 1989ರಲ್ಲಿ ಜಮ್‌ಶೆಡ್‌ಪುರದ ಒಂದು ಸಮಾರಂಭದಲ್ಲಿ ಬೆಂಕಿ ಬಿದ್ದು ಅನೇಕ ಹೆಂಗಸರು, ಮಕ್ಕಳು ಸತ್ತರು. ಆ ಪ್ರಕರಣದ 2001ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಗೃಹಿಣಿಯ ಸೇವೆಯ ಬೆಲೆಯನ್ನು ತಿಂಗಳಿಗೆ 3,000 ರೂಪಾಯಿ ಎಂದು ಹಿಡಿಯಿತು. 62 ದಾಟಿದ ಹಿರಿಯ ಹೆಂಗಸರ ಸೇವೆಗೆ ವರ್ಷಕ್ಕೆ 20,000. ಮೊದಲು ಹಾಕಿದ್ದ 10,000 ತೀರಾ ಕಡಿಮೆಯಾಯಿತೆಂದು ಏರಿಸಿದ ಮೊತ್ತ ಅದು. ಮೊಮ್ಮಕ್ಕಳನ್ನು ಮಲಗಿಸಿ, ಸೊಸೆ ಕೆಲಸಕ್ಕೆ ಹೋಗಲು ದಾರಿ ಮಾಡಿಕೊಟ್ಟು, ಹಬ್ಬ ಹುಣ್ಣಿಮೆ ನೆನಪಿಟ್ಟುಕೊಂಡು ಮನೆ ನಡೆಸುವ ಅಜ್ಜಿಯ ವರ್ಷದ ಬೆಲೆ ಅಷ್ಟು. ಅದನ್ನೂ ಕಾಣಲು ಅವಳು ಸುಟ್ಟು ಸಾಯಬೇಕಾಯಿತು.

ಬದುಕಿರುವಾಗ ಕೊಟ್ಟರೆ ನಾವು ಏನನ್ನುತ್ತೇವೆ? 2023ರ ಆಗಸ್ಟಿನಿಂದ ಕರ್ನಾಟಕ ಸರ್ಕಾರ ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡತೊಡಗಿತು. ಅದೇ ವರ್ಷ ಜೂನಿನಲ್ಲಿ ಹೆಂಗಸರಿಗೆ ಬಸ್ಸು ಉಚಿತವಾಯಿತು. ಯೋಜನೆಯ ಹಣಕಾಸಿನ ಬಗ್ಗೆ ಯಾರು ಬೇಕಾದರೂ ವಾದ ಮಾಡಲಿ. ನಾನು ಕೇಳುವುದು ಆಗ ಎದ್ದ ಒಂದು ಮಾತಿನ ಬಗ್ಗೆ: ‘ಬಿಟ್ಟಿ’. ಐವತ್ತು ವರ್ಷ ಕೂಲಿ ಇಲ್ಲದೆ ದುಡಿದವಳಿಗೆ ತಿಂಗಳಿಗೆ ಎರಡು ಸಾವಿರ ಬಂದರೆ ಅದು ಬಿಟ್ಟಿಯೇ? ಅರವತ್ತರ ಹೆಂಗಸು ಮೊದಲ ಸಲ ಯಾರ ಅಪ್ಪಣೆಯೂ ಇಲ್ಲದೆ ಧರ್ಮಸ್ಥಳಕ್ಕೋ ತವರಿಗೋ ಹೋದರೆ ‘ಹೆಂಗಸರೆಲ್ಲ ಮನೆ ಬಿಟ್ಟು ಸುತ್ತುತ್ತಿದ್ದಾರೆ’ ಎಂದು ನಕ್ಕವರು, ಅದೇ ಹೆಂಗಸು ಸತ್ತಾಗ ‘ಎಲ್ಲಿಗೂ ಹೋಗಲಿಲ್ಲ, ಏನನ್ನೂ ನೋಡಲಿಲ್ಲ, ನಮಗಾಗಿ ಬದುಕಿದಳು’ ಎಂದು ಅಳುತ್ತಾರೆ. ಬದುಕಿದ್ದಾಗ ಹೊರಟವಳನ್ನು ತಡೆದವರಿಗೆ ಸತ್ತ ಮೇಲೆ ಅಳುವ ಹಕ್ಕು ಎಲ್ಲಿಂದ ಬಂತು?

ತ್ಯಾಗದ ಹೊಗಳಿಕೆ ಅವಳ ದುಡಿಮೆಯ ಜೊತೆಗೆ ಅವಳ ವಿದ್ಯೆಯನ್ನೂ ಮುಚ್ಚುತ್ತದೆ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, ಹಣ ಮುಟ್ಟದೆ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಆ ವಿದ್ಯೆಯನ್ನು ಅವರು ಕಲಿತದ್ದು ತಮ್ಮ ಅಜ್ಜಿಯಿಂದ. ನರಸಮ್ಮ ಕೂಡ ತಾಯಿಯೇ, ಅಜ್ಜಿಯೇ. ಆದರೂ ಅವರನ್ನು ನಾವು ನೆನೆಯುವುದು ಅವರ ಕೈಯಲ್ಲಿದ್ದ ಕಸುಬಿನ ಹೆಸರಿನಿಂದ. ಹಾಗೆ ನೆನೆದದ್ದರಿಂದ ಅವರ ತಾಯ್ತನಕ್ಕೆ ಒಂದು ಕೂದಲಿನಷ್ಟಾದರೂ ಕುಂದು ಬಂತೇ? ಒಂದು ಊರಿನಲ್ಲಿ ಒಬ್ಬ ಅಜ್ಜಿಗೆ ಬಾಣಂತಿಯ ಮದ್ದು ಗೊತ್ತಿತ್ತು, ಇನ್ನೊಬ್ಬಳಿಗೆ ಬೀಜದ ರಾಗಿ ಹುಳು ಹಿಡಿಯದ ಹಾಗೆ ಇಡುವುದು ಗೊತ್ತಿತ್ತು, ಮತ್ತೊಬ್ಬಳಿಗೆ ಇಡೀ ರಾತ್ರಿ ಹಾಡುವಷ್ಟು ಸೋಬಾನೆ ಪದ ಬಾಯಲ್ಲಿತ್ತು. ಅವರೆಲ್ಲ ಸತ್ತಾಗ ಒಬ್ಬೊಬ್ಬರ ಮೇಲೂ ‘ವಾತ್ಸಲ್ಯಮಯಿ’ ಎಂಬ ಒಂದೇ ಚಾದರ ಹೊದಿಸಿದೆವು. ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಹೊರತರದಿದ್ದರೆ ಬೀಸುವ ಕಲ್ಲಿನ ಎಷ್ಟೋ ತ್ರಿಪದಿಗಳು ಕಲ್ಲಿನ ಜೊತೆಗೇ ಹೋಗುತ್ತಿದ್ದವು. ಕೂಡಿಸಿಕೊಟ್ಟವರಿಗೆ ನಾಡು ಕೃತಜ್ಞವಾಗಿರಬೇಕು. ಆದರೆ ಆ ಪದಗಳನ್ನು ಕಟ್ಟಿದ ಹೆಂಗಸರು ಯಾರು, ಯಾವ ಊರಿನವರು? ಕನ್ನಡದ ಇಷ್ಟು ದೊಡ್ಡ ಕವಿಗಳ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ‘ಗರತಿ’ ಎಂಬ ಒಂದು ಮಾತಿನಲ್ಲಿ ಅವರೆಲ್ಲ ಕರಗಿಹೋದರು.

ಆಸ್ತಿಯ ವಿಷಯಕ್ಕೆ ಬಂದರೆ ಈ ಹೊಗಳಿಕೆಯ ಹಲ್ಲು ಕಾಣುತ್ತದೆ. ಕರ್ನಾಟಕದಲ್ಲಿ 1994ರಿಂದ, ಇಡೀ ದೇಶದಲ್ಲಿ 2005ರಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಂತೆಯೇ ಪಾಲಿದೆ. ಕಾಗದದಲ್ಲಿ ಇದೆ. ಸಬ್‌ರಿಜಿಸ್ಟ್ರಾರ್ ಕಚೇರಿಯ ಮುಂದೆ ಒಂದು ಬೆಳಗ್ಗೆ ನಿಂತು ನೋಡಿ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲು ಬಂದ ಅಕ್ಕತಂಗಿಯರು ಕಾಣುತ್ತಾರೆ. ‘ತವರು ಬೇಕೋ ಆಸ್ತಿ ಬೇಕೋ’ ಎಂದು ಕೇಳಿ ಕರೆತಂದಿರುತ್ತಾರೆ. ಒಪ್ಪಿದವಳಿಗೆ ಒಂದು ಸೀರೆ, ಅರಿಶಿನ ಕುಂಕುಮ, ‘ದೊಡ್ಡ ಮನಸ್ಸಿನವಳು’ ಎಂಬ ಬಿರುದು. ಒಪ್ಪದವಳಿಗೆ ತವರಿನ ಬಾಗಿಲು ಮುಚ್ಚುತ್ತದೆ. ಹೀಗೆ ಒಪ್ಪಿಸಲು ಎದುರಿಗೆ ಇಡುವ ಉದಾಹರಣೆ ಯಾರದು? ಸತ್ತ ಅಜ್ಜಿಯದು. ‘ಅಜ್ಜಿ ಒಂದು ಗುಂಟೆ ಕೇಳಿದ್ದಳಾ?’ ಎನ್ನುತ್ತಾರೆ. ಪಹಣಿಯಲ್ಲಿ ಗಂಡನ ಹೆಸರಿನ ಮುಂದೆ ‘ಕೋಂ’ (ಇಂಥವನ ಹೆಂಡತಿ) ಎಂದು ಅಂಟಿಕೊಂಡು ಉಳಿದ ಅಜ್ಜಿಯನ್ನು ಅವಳ ಮೊಮ್ಮಗಳ ವಿರುದ್ಧವೇ ಸಾಕ್ಷಿಗೆ ನಿಲ್ಲಿಸುತ್ತಾರೆ. ಸತ್ತವಳು ಎದ್ದು ಬಂದು ‘ನಾನು ಕೇಳಿದ್ದೆ’ ಎನ್ನಲಾರಳು ಎಂಬ ಧೈರ್ಯ ಅವರದು.

ಬದುಕಿರುವವರಿಗೆ ಇದು ಮಾಡುವ ಹಾನಿಯೇ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು. ಸತ್ತ ಅತ್ತೆಯ ತ್ಯಾಗ ಸೊಸೆಯ ಬೆನ್ನಿಗೆ ಬೆತ್ತವಾಗುತ್ತದೆ. ಆಫೀಸಿನಿಂದ ಏಳಕ್ಕೆ ಬಂದು ಕುಕ್ಕರ್ ಇಡುವ ಹುಡುಗಿಗೆ ‘ನಮ್ಮಮ್ಮ ಹತ್ತು ಜನಕ್ಕೆ ಕೈಯಲ್ಲೇ ರುಬ್ಬಿ ಮಾಡ್ತಿದ್ದಳು’ ಎನ್ನುವ ಗಂಡ, ಆ ಹತ್ತು ಜನರಲ್ಲಿ ತಾನೂ ಒಬ್ಬನಾಗಿದ್ದೆ, ರುಬ್ಬುವ ಕಲ್ಲಿಗೆ ಒಂದು ದಿನ ಕೈ ಹಾಕಿದ್ದೆನೇ ಎಂದು ಕೇಳಿಕೊಳ್ಳುವುದಿಲ್ಲ. ಇನ್ನು ಇವತ್ತಿನ ಅಜ್ಜಿಯರು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಮಧ್ಯಾಹ್ನ ಮೂರಕ್ಕೆ ಶಾಲೆಯ ವ್ಯಾನಿಗೆ ಕಾಯುತ್ತ ನಿಂತ ಅಜ್ಜಿಯರನ್ನು ನೋಡಿ. ಗಂಡ ಊರಿನಲ್ಲಿ ಒಬ್ಬನೇ ಬೇಯಿಸಿಕೊಳ್ಳುತ್ತಾನೆ, ಇವಳು ಹದಿನಾಲ್ಕನೇ ಮಹಡಿಯಲ್ಲಿ ಮೊಮ್ಮಗುವಿನ ಬ್ಯಾಗು ಹೊರುತ್ತಾಳೆ. ಮಗಳು ಅಮೆರಿಕದಲ್ಲಿದ್ದರೆ ಬಾಣಂತನಕ್ಕೆಂದು ಆರು ತಿಂಗಳು ಅಲ್ಲಿ, ಮಗ ಇನ್ನೊಂದು ದೇಶದಲ್ಲಿದ್ದರೆ ಆಮೇಲೆ ಅಲ್ಲಿ. ‘ಅಮ್ಮ ಫಾರಿನ್ನಿಗೆ ಹೋಗಿದ್ದಾರೆ’ ಎಂದು ಊರಿಗೆಲ್ಲ ಹೇಳುತ್ತೇವೆ. ಭಾಷೆ ಬಾರದ, ಒಬ್ಬಳೇ ಬಾಗಿಲು ದಾಟಲಾಗದ ಊರಿನಲ್ಲಿ ಅವಳು ಕಿಟಕಿಯ ಹಿಮ ನೋಡುತ್ತ ಕೂತಿದ್ದಾಳೆ ಎಂದು ಹೇಳುತ್ತೇವೆಯೇ? ಅವಳಿಗೆ ಮೊಮ್ಮಗುವಿನ ಮೇಲೆ ಪ್ರಾಣ ಇದೆ, ನಿಜ. ಹೋಗುವುದಿಲ್ಲ ಎನ್ನುವ ಹಕ್ಕು ಇದೆಯೇ?

‘ಅವರು ಸಂತೋಷದಿಂದಲೇ ಮಾಡಿದರು, ಪ್ರೀತಿಯನ್ನು ಲೆಕ್ಕ ಹಾಕಬೇಡಿ’ ಎಂದು ಈಗ ಹೇಳುವವರಿದ್ದಾರೆ. ಪ್ರೀತಿಯನ್ನು ನಾನು ಅಲ್ಲಗಳೆಯುವುದಿಲ್ಲ. ಜ್ವರದಲ್ಲಿ ಹಣೆಯ ಮೇಲೆ ಬಂದು ಕೂತ ಆ ಅಂಗೈ ನನಗೂ ಗೊತ್ತು. ಆದರೆ ಪ್ರೀತಿ ಇತ್ತು ಎನ್ನುವುದು ಕೂಲಿ ಕೊಡದಿರಲು, ಪಾಲು ಕೊಡದಿರಲು, ಕಣ್ಣಿನ ಪೊರೆ ತೆಗೆಸದಿರಲು ಕಾರಣ ಹೇಗಾಗುತ್ತದೆ? ಪ್ರೀತಿಸಿದವಳಿಗೆ ಹೆಚ್ಚು ಕೊಡಬೇಕೋ ಕಡಿಮೆಯೋ? ಅಪ್ಪನೂ ನಮ್ಮನ್ನು ಪ್ರೀತಿಸಿದ. ಅವನ ಹೆಸರಿನಲ್ಲಿದ್ದ ಹೊಲವನ್ನು ಆ ಕಾರಣಕ್ಕೆ ಯಾರೂ ಬರೆಸಿಕೊಳ್ಳಲಿಲ್ಲ.

ನಾನೂ ಇದೇ ತಪ್ಪು ಮಾಡಿದವಳು. ನನ್ನ ಅಮ್ಮ, ನನ್ನ ಮಕ್ಕಳ ಅಜ್ಜಿ, ತೀರಿಕೊಂಡಾಗ ಪತ್ರಿಕೆಗೆ ಕೊಟ್ಟ ಜಾಹೀರಾತಿನಲ್ಲಿ ‘ತ್ಯಾಗಮೂರ್ತಿ’ ಎಂದು ಬರೆದುಕೊಟ್ಟವಳು ನಾನೇ. ವರ್ಷದ ತಿಥಿಗೆ ಹೋದಾಗ ಅಡುಗೆಮನೆಯ ಗೋಡೆಯ ಹಳೇ ಕ್ಯಾಲೆಂಡರುಗಳು ಸಿಕ್ಕಿದವು. ಪ್ರತಿ ದಿನದ ಚೌಕದಲ್ಲೂ ಅವಳ ಕೈಬರಹ: ಡೇರಿಗೆ ಹಾಕಿದ ಹಾಲು ಬೆಳಗ್ಗೆ ಇಷ್ಟು, ಸಂಜೆ ಇಷ್ಟು, ಹಸುವಿಗೆ ಇಂಜೆಕ್ಷನ್ ಕೊಡಿಸಿದ ದಿನ, ಕರು ಹಾಕುವ ದಿನ, ಹಿಂಡಿಯ ಬಾಕಿ, ಮೊಮ್ಮಗಳ ಲಸಿಕೆ. ಕರೆದವಳು ಅವಳು, ಹುಲ್ಲು ಕೊಯ್ದವಳು ಅವಳು, ಲೆಕ್ಕ ಇಟ್ಟವಳು ಅವಳು. ಡೇರಿಯ ಪುಸ್ತಕದಲ್ಲಿ ಹೆಸರು ಅಪ್ಪನದು. ನನ್ನ ಕಾಲೇಜಿನ ಫೀಸು ಆ ಹಾಲಿನಿಂದ ಬಂದದ್ದು. ‘ಅಪ್ಪ ಓದಿಸಿದರು’ ಎಂದು ಊರೆಲ್ಲ ಹೇಳಿಕೊಂಡು ಬೆಳೆದವಳು ನಾನು. ಒಂದು ಸಲ ಅಪ್ಪ ಅವಳಿಗೆ ಹೇಳದೆ ಒಂದು ಹಸು ಮಾರಿದರು. ಅಮ್ಮ ಎರಡು ದಿನ ಒಲೆ ಹಚ್ಚಲಿಲ್ಲ, ಒಂದು ಮಾತಾಡಲಿಲ್ಲ. ಮೂರನೇ ದಿನ ಅಪ್ಪನೇ ದುಡ್ಡು ತಂದು ಅವಳ ಮುಂದೆ ಇಟ್ಟರು. ನಮ್ಮ ಮನೆಯ ಯಾವ ತಿಥಿಯಲ್ಲೂ ಈ ಕಥೆ ಹೇಳುವುದಿಲ್ಲ, ಏಕೆಂದರೆ ತ್ಯಾಗಮೂರ್ತಿಗೆ ಸಿಟ್ಟು ಬರಬಾರದು. ಆ ಎರಡು ದಿನ ಒಲೆ ಹಚ್ಚದ ಅಮ್ಮನೇ ನನಗೆ ಬೇಕಾದವಳು. ಅವಳನ್ನು ನಾನು ಒಂದು ಪದದಿಂದ ಅಳಿಸಿದೆ.

ಆದ್ದರಿಂದ ಕೇಳಿಕೊಳ್ಳುತ್ತೇನೆ. ಮುಂದಿನ ಸಲ ನಿಮ್ಮ ಮನೆಯಿಂದ ಪುಣ್ಯಸ್ಮರಣೆಯ ಜಾಹೀರಾತು ಹೋಗುವಾಗ ‘ತ್ಯಾಗಮಯಿ’ಯನ್ನು ಹೊಡೆದುಹಾಕಿ, ಆ ಜಾಗದಲ್ಲಿ ಅವಳು ಮಾಡಿದ ಕೆಲಸವನ್ನು ಬರೆಯಿರಿ: ನಲವತ್ತು ವರ್ಷ ಹೈನು ನಡೆಸಿದವರು, ಊರಿನ ಬಾಣಂತಿಯರನ್ನು ನೋಡಿಕೊಂಡವರು, ಮೂರು ಎಕರೆ ರಾಗಿ ಬೆಳೆದವರು. ಅವಳು ಹುಟ್ಟಿದ ಊರು ಬರೆಯಿರಿ, ಹುಟ್ಟಿದಾಗ ಇಟ್ಟ ಹೆಸರು ಬರೆಯಿರಿ. ತಿಥಿಯ ದಿನ ಅವಳ ಕೈರುಚಿಯನ್ನು ಹೊಗಳುವವರು ಅವಳ ಸಿಟ್ಟು, ಅವಳ ಆಸೆ, ಅವಳು ಸೋತ ಜಗಳ, ಗೆದ್ದ ಜಗಳ ಇವನ್ನೂ ಹೇಳಲಿ, ಮೊಮ್ಮಕ್ಕಳು ಕೇಳಿಸಿಕೊಳ್ಳಲಿ. ಅವಳು ಹಕ್ಕು ಬಿಟ್ಟು ಸಹಿ ಹಾಕಿದ ಪತ್ರ ಮನೆಯಲ್ಲಿದ್ದರೆ ಅದನ್ನು ನೆನೆದು, ಅವಳ ಮಗಳಿಗಾದರೂ ಪಾಲು ಕೊಡಿ.

ಇದೆಲ್ಲ ಸತ್ತವರಿಗೆ. ಬದುಕಿರುವವರಿಗೆ ಮಾಡಬೇಕಾದದ್ದು ಇನ್ನೂ ಸುಲಭ. ಡೇರಿಯ ಪುಸ್ತಕಕ್ಕೆ ಅವಳ ಹೆಸರು ಸೇರಿಸಿ. ಇವತ್ತು ರಾತ್ರಿ ಅವಳ ತಟ್ಟೆಗೆ ಮೊದಲು ಬಡಿಸಿ. ರಕ್ತ ಪರೀಕ್ಷೆ ಮಾಡಿಸಿ. ಮೊಮ್ಮಗುವನ್ನು ನೋಡಿಕೊಳ್ಳುತ್ತೀಯಾ ಎಂದು ಕೇಳಿ, ಇಲ್ಲ ಎಂದರೆ ಒಪ್ಪಿಕೊಳ್ಳಿ. ಅವಳ ಪಕ್ಕ ಕೂತು ನಿನಗೇನು ಬೇಕಿತ್ತು ಎಂದು ಕೇಳಿ. ‘ನನಗೇನು ಬೇಕಪ್ಪ, ನೀವು ಚೆನ್ನಾಗಿದ್ದರೆ ಸಾಕು’ ಎಂದೇ ಮೊದಲು ಹೇಳುತ್ತಾಳೆ. ಅಲ್ಲಿಗೆ ಎದ್ದು ಬರಬೇಡಿ. ಎರಡನೇ ಸಲ ಕೇಳಿ, ಮೂರನೇ ಸಲ ಕೇಳಿ. ಒಂದು ಕಣ್ಣಿನ ಪೊರೆ ತೆಗೆಸಿದ್ದರೆ, ಇನ್ನೊಂದು ಕಣ್ಣಿನದನ್ನು ಈ ತಿಂಗಳೇ ತೆಗೆಸಿ.